ಲೇಗೋಸ್‌ನಲ್ಲಿ ಮತ ಹಾಕುವವನ ಊರು ಯಾವುದು?

ನೈಜೀರಿಯಾದ ದೊಡ್ಡ ನಗರ ಲೇಗೋಸ್‌ನಲ್ಲಿ ಮತ ಎಣಿಸುವುದನ್ನು ನೀವು ಒಮ್ಮೆ ನೋಡಬೇಕು. ನಮ್ಮ ಹಾಗೆ ಮತಯಂತ್ರಕ್ಕೆ ಸೀಲು ಹಾಕಿ, ಪೊಲೀಸ್ ಕಾವಲಲ್ಲಿ ಒಯ್ದು, ವಾರಗಟ್ಟಲೆ ಇಟ್ಟು ಎಣಿಸುವುದಿಲ್ಲ. ಅಲ್ಲಿ ಬಹಳಷ್ಟು ಮತಗಟ್ಟೆಗಳು ಅಂದರೆ ರಸ್ತೆ ಬದಿಯ ಒಂದು ಮೇಜು, ಒಂದು ಪ್ಲಾಸ್ಟಿಕ್ ಪೆಟ್ಟಿಗೆ, ಅಷ್ಟೇ. ಮತದಾನ ಮುಗಿದ ಮೇಲೆ ಅಲ್ಲೇ ಪೆಟ್ಟಿಗೆ ಬಿಚ್ಚುತ್ತಾರೆ. ಅಧಿಕಾರಿ ಒಂದೊಂದೇ ಚೀಟಿ ಎತ್ತಿ ಹಿಡಿಯುತ್ತಾರೆ. ಸುತ್ತ ನಿಂತ ಜನ ಗಟ್ಟಿಯಾಗಿ ಎಣಿಸುತ್ತಾರೆ. ಒಂದು! ಎರಡು! ಮೂರು! ಇಡೀ ಬೀದಿಗೆ ಕೇಳುತ್ತದೆ.

ನಾನು ಸುರುಲೆರೆ ಎಂಬ ಬಡಾವಣೆಯಲ್ಲಿದ್ದೆ. ಚುನಾವಣೆಯ ದಿನ ವಾಹನ ಓಡಾಡುವಂತಿಲ್ಲ. ಖಾಲಿ ರಸ್ತೆಯಲ್ಲಿ ಹುಡುಗರು ಎರಡು ಕಲ್ಲು ಇಟ್ಟು ಫುಟ್‌ಬಾಲ್ ಆಡುತ್ತಾರೆ. ನನ್ನಂಥ ಹೊರದೇಶದವನು ಆ ದಿನ ಬೀದಿಗಿಳಿಯದೆ ಇರುವುದೇ ಒಳ್ಳೆಯದು ಅಂತ ಎಲ್ಲರೂ ಹೇಳಿದ್ದರು. ಹಾಗಾಗಿ ಬಾಲ್ಕನಿಯಲ್ಲಿ ನಿಂತು ಕೇಳಿಸಿಕೊಂಡೆ. ಅದು 2023ರ ಫೆಬ್ರವರಿ 25, ಅಧ್ಯಕ್ಷ ಚುನಾವಣೆ. ನಮ್ಮ ಕಟ್ಟಡದ ಕೆಳಗಿನ ಮನೆಯಲ್ಲಿ ಮನೆ ಒಡತಿ ಇದ್ದರು, ಯೊರುಬಾ ಹೆಂಗಸು, ವಯಸ್ಸಾದವರು. ಎಲ್ಲರೂ ಅವರನ್ನು ‘ಮಾಮಾ’ ಅನ್ನುತ್ತಿದ್ದರು. ನನ್ನ ಎದುರು ಮನೆಯಲ್ಲಿ ಒಬ್ಬ ಇಗ್ಬೊ ವ್ಯಾಪಾರಿ. ಯೊರುಬಾ, ಇಗ್ಬೊ ಎರಡೂ ಆ ದೇಶದ ದೊಡ್ಡ ಜನಾಂಗಗಳು. ಲಾಡಿಪೊ ಮಾರುಕಟ್ಟೆಯಲ್ಲಿ ಕಾರಿನ ಬಿಡಿಭಾಗದ ಅಂಗಡಿ. ಅವರು ಎಲ್ಲರಿಗೂ ‘ಓಗಾ’, ಅಂದರೆ ಯಜಮಾನ. ಇಬ್ಬರೂ ಬೆಳಿಗ್ಗೆ ಒಂದೇ ಸಾಲಿನಲ್ಲಿ ನಿಂತರು. ಮಾಮಾಗೆ ಓಗಾ ಅವರ ಹೆಂಡತಿಯೇ ಕುರ್ಚಿ ತಂದು ಕೊಟ್ಟಳು. ಮತ ಮಾತ್ರ ಬೇರೆ ಬೇರೆ. ಅದನ್ನು ಇಬ್ಬರೂ ಮುಚ್ಚಿಡಲಿಲ್ಲ.

ಎರಡು ದಿನ ಕಳೆದು ಫಲಿತಾಂಶ ಬಂತು. ಲೇಗೋಸ್ ರಾಜ್ಯದಲ್ಲಿ ಲೇಬರ್ ಪಾರ್ಟಿಯ ಪೀಟರ್ ಓಬಿಗೆ 5,82,454 ಮತ. ಎಪಿಸಿ ಪಕ್ಷದ ಬೋಲಾ ಟಿನುಬುಗೆ 5,72,606. ಹತ್ತು ಸಾವಿರಕ್ಕಿಂತ ಕಡಿಮೆ ಅಂತರ. ಓಬಿ ಇಗ್ಬೊ, ಅನಾಂಬ್ರಾ ರಾಜ್ಯದ ಮಾಜಿ ಗವರ್ನರ್. ಟಿನುಬು ಯೊರುಬಾ, 1999ರಿಂದ 2007ರವರೆಗೆ ಲೇಗೋಸ್‌ನ ಗವರ್ನರ್. ಆಮೇಲೂ ಅಲ್ಲಿ ಯಾರು ಗವರ್ನರ್ ಆಗಬೇಕು ಅಂತ ತೀರ್ಮಾನಿಸುತ್ತಿದ್ದವರು ಅವರೇ. ದೇಶದ ಲೆಕ್ಕದಲ್ಲಿ ಗೆದ್ದು ಅಧ್ಯಕ್ಷರಾದದ್ದು ಟಿನುಬು. ಸ್ವಂತ ಊರಲ್ಲಿ ಸೋತರು.

ಮೂರು ವಾರ ಬಿಟ್ಟು, ಮಾರ್ಚ್ 18ಕ್ಕೆ, ಗವರ್ನರ್ ಚುನಾವಣೆ. ಅದೇ ಊರು, ಅದೇ ಮತದಾರರ ಪಟ್ಟಿ. ಈ ಸಲ ಎಪಿಸಿಯ ಬಾಬಾಜಿದೆ ಸಾನ್ವೊ-ಓಲುಗೆ 7,62,134 ಮತ. ಲೇಬರ್ ಪಾರ್ಟಿಗೆ 3,12,329. ಮೂರೇ ವಾರದಲ್ಲಿ ಒಂದು ಪಕ್ಷ ಹತ್ತಿರ ಹತ್ತಿರ ಅರ್ಧ ಮತ ಕಳೆದುಕೊಂಡಿತು. ಆ ಮೂರು ವಾರದಲ್ಲಿ ಏನಾಯ್ತು? ಇವತ್ತು ನಾನು ಹೇಳಬೇಕೆಂದಿರುವುದು ಅದೇ. ಆದರೆ ಅದಕ್ಕೆ ಸ್ವಲ್ಪ ಹಿಂದಿನಿಂದ ಬರಬೇಕು.

ಮೊದಲು ಒಂದು ಮಾತು. ಆಫ್ರಿಕಾದ ಚುನಾವಣೆ ಅಂದ ತಕ್ಷಣ ‘ಬುಡಕಟ್ಟು ನೋಡಿ ಮತ ಹಾಕ್ತಾರೆ, ಬಿಡಿ’ ಅಂದುಬಿಡುತ್ತೇವೆ. ಅಲ್ವಾ? ನಾನೂ ಹಾಗೇ ಅಂದುಕೊಂಡು ಹೋದವನು. ಅಲ್ಲಿ ಬದುಕಿದ ಮೇಲೆ ಆ ಮಾತು ನನಗೆ ಸಾಲದು ಅನ್ನಿಸಿತು. ಅದೇ 2023ರ ಚುನಾವಣೆ ನೋಡಿ. ಓಸುನ್ ಅಂತ ಒಂದು ಅಪ್ಪಟ ಯೊರುಬಾ ರಾಜ್ಯವಿದೆ. ಅಲ್ಲಿ ಗೆದ್ದದ್ದು ಟಿನುಬು ಅಲ್ಲ, ಉತ್ತರದ ಫುಲಾನಿ ಮುಸ್ಲಿಂ ಅತಿಕು ಅಬೂಬಕರ್. ಇನ್ನೂ ಹಿಂದೆ, 1999ರಲ್ಲಿ, ಅಧ್ಯಕ್ಷ ಸ್ಥಾನಕ್ಕೆ ನಿಂತ ಇಬ್ಬರೂ ಯೊರುಬಾಗಳೇ. ಗೆದ್ದ ಒಬಸಾಂಜೊಗೆ ಸ್ವಂತ ಯೊರುಬಾ ನಾಡು ಕೈಕೊಟ್ಟಿತ್ತು. ಇಗ್ಬೊ ರಾಜ್ಯಗಳು ಕೈಹಿಡಿದಿದ್ದವು. ರಕ್ತ ನೋಡಿ ಮತ ಅನ್ನುವುದಾದರೆ ಇದನ್ನೆಲ್ಲ ಎಲ್ಲಿಡುತ್ತೀರಿ?

ಲೇಗೋಸ್ ಯೊರುಬಾಗಳ ನೆಲ. ಅವೊರಿ ಎಂಬ ಯೊರುಬಾ ಜನ ಮೊದಲು ನೆಲೆ ನಿಂತರು. ಊರಿನ ಹಳೆಯ ಹೆಸರು ಎಕೊ. ಲೇಗೋಸ್ ಅನ್ನುವುದು ಪೋರ್ಚುಗೀಸರು ಇಟ್ಟ ಹೆಸರು. 1861ರಲ್ಲಿ ಬ್ರಿಟಿಷರು ವಶಪಡಿಸಿಕೊಂಡರು. 1991ರವರೆಗೂ ಅದೇ ದೇಶದ ರಾಜಧಾನಿ. ರಾಜಧಾನಿ, ಬಂದರು, ರೈಲು, ಕಚೇರಿ ಎಲ್ಲ ಒಂದೇ ಕಡೆ ಇದ್ದ ಮೇಲೆ ದೇಶದ ಮೂಲೆಮೂಲೆಯಿಂದ ಜನ ಬಂದರು. ಇಗ್ಬೊಗಳು ಪೂರ್ವದವರು, ನೈಜರ್ ನದಿಯ ಆಚೆಯವರು. ಇವತ್ತು ಅಲಾಬಾದ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ, ಲಾಡಿಪೊದ ಬಿಡಿಭಾಗದ ಮಾರುಕಟ್ಟೆ, ಟ್ರೇಡ್ ಫೇರ್ ಸಂಕೀರ್ಣ, ಇಲ್ಲೆಲ್ಲ ಅವರದ್ದೇ ಕೈ. ಊರಿನಿಂದ ಹುಡುಗರನ್ನು ಕರೆಸಿ ಅಂಗಡಿಯಲ್ಲಿ ಇಟ್ಟುಕೊಳ್ಳುತ್ತಾರೆ. ಐದಾರು ವರ್ಷ ದುಡಿದ ಮೇಲೆ ಯಜಮಾನ ಬಂಡವಾಳ ಕೊಟ್ಟು ಬೇರೆ ಅಂಗಡಿ ಹಾಕಿಸಿಕೊಡಬೇಕು. ಓಗಾ ಬಂದದ್ದೂ ಹಾಗೇ. ಹದಿನಾಲ್ಕನೇ ವಯಸ್ಸಿಗೆ ಬಸ್ಸಿನಿಂದ ಇಳಿದಾಗ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ಮಾತ್ರ ಇತ್ತಂತೆ. ನಾನು ನೋಡುವ ಹೊತ್ತಿಗೆ ಅವರ ಕೈಕೆಳಗೆ ಕಲಿತ ನಾಲ್ಕು ಹುಡುಗರಿಗೆ ಸ್ವಂತ ಅಂಗಡಿ ಆಗಿತ್ತು.

ಇನ್ನು ರಾಜಕೀಯ. ಲೇಗೋಸ್‌ನ ರಾಜಕೀಯದಲ್ಲಿ ಇಗ್ಬೊ-ಯೊರುಬಾ ಗೋಡೆ ಮೊದಲಿನಿಂದ ಇದ್ದದ್ದಲ್ಲ. 1944ರಲ್ಲಿ ಎನ್‌ಸಿಎನ್‌ಸಿ ಎಂಬ ಪಕ್ಷ ಹುಟ್ಟಿತು. ಅಧ್ಯಕ್ಷರು ಹರ್ಬರ್ಟ್ ಮೆಕಾಲೆ, ಯೊರುಬಾ. ಕಾರ್ಯದರ್ಶಿ ನಮ್ಡಿ ಅಜಿಕಿವೆ, ಇಗ್ಬೊ. ಇಬ್ಬರೂ ಪತ್ರಿಕೆ ನಡೆಸಿದವರು, ಬ್ರಿಟಿಷರ ವಿರುದ್ಧ ಹೆಗಲಿಗೆ ಹೆಗಲು ಕೊಟ್ಟವರು. ಅದಕ್ಕೂ ಮುಂಚಿನ 1941ರ ಒಂದು ಪ್ರಸಂಗ ಕೇಳಿ. ಶಾಸನ ಸಭೆಯ ಒಂದು ಸೀಟಿಗೆ ಯಾರನ್ನು ನಿಲ್ಲಿಸಬೇಕು ಅಂತ ಯುವಕರ ಸಂಘಟನೆಯಲ್ಲಿ ಜಗಳ ಬಂತು. ಒಬ್ಬ ಅಭ್ಯರ್ಥಿ ಯೊರುಬಾಗಳಲ್ಲೇ ಇಜೆಬು ಪಂಗಡದವರು. ಇನ್ನೊಬ್ಬರು ಇಜಾ ಎಂಬ ಸಣ್ಣ ಸಮುದಾಯದವರು. ಇಗ್ಬೊ ಅಜಿಕಿವೆ ಯೊರುಬಾ ಅಭ್ಯರ್ಥಿಯ ಪರ ನಿಂತರು. ಸ್ವತಃ ಇಜೆಬು ಕಡೆಯವರಾದ ಒಬಾಫೆಮಿ ಅವೊಲೊವೊ ಇಜಾ ಅಭ್ಯರ್ಥಿಯ ಪರ ನಿಂತರು. ಹೀಗೆ ಅಡ್ಡಡ್ಡ ನಿಂತ ಜಗಳವನ್ನು ಆಮೇಲೆ ಜನ ನೆನಪಿಟ್ಟುಕೊಂಡದ್ದು ಮಾತ್ರ ಜನಾಂಗಗಳ ಜಗಳ ಅಂತ. ಆ ಸಂಘಟನೆ ಮತ್ತೆ ಚೇತರಿಸಿಕೊಳ್ಳಲೇ ಇಲ್ಲ.

1948ಕ್ಕೆ ಪತ್ರಿಕೆಗಳಲ್ಲೇ ಯುದ್ಧ ಶುರುವಾಯಿತು. ಯೊರುಬಾ ಗಣ್ಯರು ಸಂಘ ಕಟ್ಟಿಕೊಂಡಿದ್ದರು, ಇಗ್ಬೊಗಳೂ ಕಟ್ಟಿಕೊಂಡಿದ್ದರು. ಬೈಗುಳ ಎಲ್ಲಿಗೆ ಮುಟ್ಟಿತೆಂದರೆ ಲೇಗೋಸ್ ಮಾರುಕಟ್ಟೆಯಲ್ಲಿ ಎರಡೂ ಕಡೆಯವರು ಮಚ್ಚು ಕೊಂಡಿಟ್ಟುಕೊಂಡರು. ಪುಣ್ಯಕ್ಕೆ ಹೊಡೆದಾಟ ಆಗಲಿಲ್ಲ. ಮತ್ತೆ ಮೂರು ವರ್ಷಕ್ಕೆ, 1951ರಲ್ಲಿ, ಚುನಾವಣೆ ಬಂದಾಗ ಲೇಗೋಸ್‌ನ ಐದಕ್ಕೆ ಐದೂ ಸೀಟು ಎನ್‌ಸಿಎನ್‌ಸಿಗೆ. ಗೆದ್ದವರಲ್ಲಿ ಅಜಿಕಿವೆ ಒಬ್ಬರು. ಮಚ್ಚು ಕೊಂಡಿಟ್ಟಿದ್ದ ಊರು ಇಗ್ಬೊ ನಾಯಕನ ಪಕ್ಷವನ್ನು ಪೂರ್ತಿಯಾಗಿ ಗೆಲ್ಲಿಸಿತು. ಇದನ್ನು ನಾನು ಮತ್ತೆ ಮತ್ತೆ ಯೋಚಿಸುತ್ತೇನೆ.

ಮುಂದೆ ಆದದ್ದು ಬೇಸರದ ಕಥೆ. ಲೇಗೋಸ್ ಆಗ ಪಶ್ಚಿಮ ಪ್ರಾಂತ್ಯಕ್ಕೆ ಸೇರಿತ್ತು. ಸಭೆ ಇಬಾದಾನ್‌ನಲ್ಲಿ. ಅಲ್ಲಿ ಹಲವು ಸದಸ್ಯರು ಅವೊಲೊವೊ ಅವರ ಪಕ್ಷವಾದ ಆ್ಯಕ್ಷನ್ ಗ್ರೂಪ್ ಕಡೆ ಹೋಗಿ ಕೂತರು. ಅಜಿಕಿವೆಗೆ ಬಹುಮತವೂ ಸಿಗಲಿಲ್ಲ, ಅಲ್ಲಿಂದ ಕೇಂದ್ರ ಸಭೆಗೆ ಹೋಗುವ ದಾರಿಯೂ ಸಿಗಲಿಲ್ಲ. ಸ್ವಂತ ಪಕ್ಷದವರೇ ಜಾಗ ಬಿಟ್ಟುಕೊಡಲಿಲ್ಲ. ನೊಂದುಕೊಂಡ ಅಜಿಕಿವೆ ಪೂರ್ವಕ್ಕೆ ಹೋದರು. ಅಲ್ಲಿ ಆಡಳಿತದಲ್ಲಿದ್ದ ಎಯೊ ಇಟಾ ಎಂಬ ಎಫಿಕ್ ಸಮುದಾಯದ ನಾಯಕರನ್ನು ಕೆಳಗಿಳಿಸಿ ಅವರ ಜಾಗಕ್ಕೆ ಬಂದರು. ಪಶ್ಚಿಮದಲ್ಲಿ ತನಗೆ ಆದದ್ದನ್ನೇ ಪೂರ್ವದಲ್ಲಿ ಇನ್ನೊಬ್ಬರಿಗೆ ಮಾಡಿದರು. ಇದನ್ನು ಹೇಳದೆ ಹೋದರೆ ನಾನು ಒಂದು ಕಡೆಯ ವಕೀಲನಾಗುತ್ತೇನೆ. ಹಾಗೆಯೇ ಇನ್ನೊಂದು ಮಾತನ್ನೂ ಹೇಳಬೇಕು. ಅದೇ ಕಾಲದಲ್ಲಿ ಇಗ್ಬೊಗಳ ದೊಡ್ಡ ನಗರ ಎನುಗುವಿಗೆ ಮೇಯರ್ ಆಗಿದ್ದವರು ಉಮರು ಅಲ್ಟೀನೆ, ಸೊಕೊಟೊ ಕಡೆಯ ಫುಲಾನಿ. ಇವತ್ತು ಎನುಗುವಿನಲ್ಲಿ ಅಂಥದ್ದನ್ನು ಊಹಿಸುವುದೂ ಕಷ್ಟ.

1964ರ ಜೂನ್‌ನಲ್ಲಿ ದೇಶದಾದ್ಯಂತ ಕಾರ್ಮಿಕರ ಮುಷ್ಕರ ನಡೆಯಿತು. ಬಂದರು, ರೈಲು, ಕಚೇರಿ ಎಲ್ಲ ನಿಂತವು. ಇಗ್ಬೊ, ಯೊರುಬಾ, ಹೌಸಾ ಅನ್ನದೆ ಎಲ್ಲರೂ ಬೀದಿಗೆ ಬಂದರು. ಸರ್ಕಾರ ಬಗ್ಗಿ ಸಂಬಳ ಏರಿಸಿತು. ಇನ್ನು ಕಾರ್ಮಿಕರದ್ದೇ ಪಕ್ಷ ಗೆಲ್ಲುತ್ತದೆ ಅಂದುಕೊಂಡವರು ಬಹಳ ಜನ. ಆರು ತಿಂಗಳಿಗೆ ಚುನಾವಣೆ ಬಂತು. ಕಾರ್ಮಿಕ ಪಕ್ಷಗಳಿಗೆ ಏನೂ ಸಿಗಲಿಲ್ಲ. ಒಟ್ಟಿಗೆ ಮುಷ್ಕರ ಮಾಡಿದವರು ಮತ ಹಾಕುವಾಗ ತಮ್ಮ ತಮ್ಮ ಊರಿನ ಪಕ್ಷಗಳಿಗೆ ವಾಪಸ್ ಹೋದರು. ಯಾಕೆ? ಸಂಬಳ ಹೆಚ್ಚಾಗಬೇಕಾದರೆ ಪಕ್ಕದವನ ಜತೆ ನಿಲ್ಲಬೇಕು, ಅದು ಗೊತ್ತಿತ್ತು. ಆದರೆ ಊರಿಗೆ ರಸ್ತೆ, ಮಗನಿಗೆ ಸ್ಕಾಲರ್‌ಶಿಪ್, ತಮ್ಮನಿಗೆ ಕೆಲಸ, ಇದೆಲ್ಲ ಬರುತ್ತಿದ್ದದ್ದು ಪ್ರಾಂತ್ಯದ ಸರ್ಕಾರದಿಂದ. ಆ ಸರ್ಕಾರಗಳು ಜನಾಂಗದ ಲೆಕ್ಕದಲ್ಲಿ ನಡೆಯುತ್ತಿದ್ದವು. ಜನ ಮೂರ್ಖರಾಗಿರಲಿಲ್ಲ. ಯಾವ ಬಾಗಿಲು ತೆರೆಯುತ್ತದೋ ಆ ಬಾಗಿಲು ತಟ್ಟಿದರು.

1966ರಲ್ಲಿ ಉತ್ತರದಲ್ಲಿ ಇಗ್ಬೊಗಳ ಮಾರಣಹೋಮ ನಡೆಯಿತು. 1967ರಿಂದ 1970ರವರೆಗೆ ಬಿಯಾಫ್ರಾ ಯುದ್ಧ, ಇಗ್ಬೊಗಳ ಪೂರ್ವ ಪ್ರಾಂತ್ಯ ಬೇರೆ ದೇಶವಾಗಲು ಹೊರಟಾಗ ನಡೆದ ಅಂತರ್ಯುದ್ಧ. ಅದರ ಕಥೆಗೆ ಇವತ್ತು ಸಮಯ ಇಲ್ಲ. ಒಂದು ವಿಷಯ ಮಾತ್ರ ಹೇಳುತ್ತೇನೆ. ಯುದ್ಧ ಮುಗಿದಾಗ ಇಗ್ಬೊಗಳ ಬ್ಯಾಂಕ್ ಖಾತೆಯಲ್ಲಿ ಎಷ್ಟೇ ದುಡ್ಡಿರಲಿ, ಕೊಟ್ಟದ್ದು 20 ಪೌಂಡ್. ಆಗ ಹಣಕಾಸು ನೋಡಿಕೊಳ್ಳುತ್ತಿದ್ದವರು ಅವೊಲೊವೊ. ಇಗ್ಬೊ ಮನೆಗಳಲ್ಲಿ ಇವತ್ತಿಗೂ ಆ 20 ಪೌಂಡ್ ಮಾತು ಬರುತ್ತದೆ. ಆದರೆ ಅದೇ ಮನೆಗಳಲ್ಲಿ ಇನ್ನೊಂದು ಮಾತನ್ನೂ ಕೇಳಿದ್ದೇನೆ. ಪೋರ್ಟ್ ಹಾರ್ಕೋರ್ಟ್‌ನಲ್ಲಿ ಇಗ್ಬೊಗಳು ಬಿಟ್ಟುಹೋದ ಮನೆಗಳು ‘ವಾರಸುದಾರರಿಲ್ಲದ ಆಸ್ತಿ’ ಅಂತ ಕೈತಪ್ಪಿದವು. ಲೇಗೋಸ್‌ನಲ್ಲಿ ಹಾಗಾಗಲಿಲ್ಲ. ವಾಪಸ್ ಬಂದ ಹಲವರಿಗೆ ಯೊರುಬಾ ನೆರೆಯವರು ಮನೆಯ ಕೀಲಿಕೈ ಕೊಟ್ಟರು, ಅಷ್ಟು ವರ್ಷದ ಬಾಡಿಗೆಯನ್ನೂ ಲೆಕ್ಕ ಹಾಕಿ ಕೊಟ್ಟರು. ದೊಡ್ಡವರ ರಾಜಕೀಯ ಒಂದು ಕಡೆ, ಬೀದಿಯ ನಂಬಿಕೆ ಇನ್ನೊಂದು ಕಡೆ. ಎರಡೂ ನಿಜ.

1979ರ ಚುನಾವಣೆಯಲ್ಲಿ ಗೋಡೆ ಪೂರ್ತಿ ಎದ್ದಿತ್ತು. ಲೇಗೋಸ್‌ನಲ್ಲಿ ನೂರಕ್ಕೆ 80ಕ್ಕೂ ಜಾಸ್ತಿ ಮತ ಅವೊಲೊವೊಗೆ. ಇಗ್ಬೊ ರಾಜ್ಯಗಳಾದ ಅನಾಂಬ್ರಾ, ಇಮೊಗಳಲ್ಲಿ ಅಷ್ಟೇ ಮತ ಅಜಿಕಿವೆಗೆ. 1993ರ ಜೂನ್ 12ರ ಅಧ್ಯಕ್ಷ ಚುನಾವಣೆಯಲ್ಲಿ ಅದು ಮತ್ತೆ ಬಿರುಕುಬಿಟ್ಟಿತು. ಯೊರುಬಾ ಮುಸ್ಲಿಂ ಅಬಿಯೊಲಾ ಎದುರಾಳಿಯ ತವರು ಕಾನೊದಲ್ಲೇ ಗೆದ್ದರು. ಅನಾಂಬ್ರಾದಲ್ಲೂ ಗೆದ್ದರು, ಅದೂ ಎದುರಾಳಿಯ ಜತೆ ಉಪಾಧ್ಯಕ್ಷ ಸ್ಥಾನಕ್ಕೆ ಇಗ್ಬೊ ಅಭ್ಯರ್ಥಿ ಇದ್ದಾಗ. ಸೈನ್ಯ ಆ ಚುನಾವಣೆಯನ್ನೇ ರದ್ದು ಮಾಡಿತು. ಲೇಗೋಸ್ ಹೊತ್ತಿ ಉರಿಯಿತು. ಆಗ ಇಗ್ಬೊಗಳು ಗಂಟುಮೂಟೆ ಕಟ್ಟಿಕೊಂಡು ಬಸ್ ಹತ್ತಿ ಊರಿಗೆ ಓಡಿದರು. ಅವರ ಭಾಷೆಯಲ್ಲಿ ಅದಕ್ಕೆ ಹೆಸರೇ ಇದೆ: ‘ಓಸೊ ಅಬಿಯೊಲಾ’, ಅಬಿಯೊಲಾ ಓಟ. ಯಾರೂ ಅವರನ್ನು ಓಡಿಸಿರಲಿಲ್ಲ. 1966 ನೆನಪಾಗಿತ್ತು, ಅಷ್ಟೇ. ಓಗಾ ಆಗ ಅಂಗಡಿ ಹುಡುಗ. ಶಟರ್ ಎಳೆದು, ಬೀಗದ ಕೈಯನ್ನು ಪಕ್ಕದ ಯೊರುಬಾ ಟೈಲರ್ ಕೈಗೆ ಕೊಟ್ಟು ಹೋದೆ ಅಂದರು. ವಾಪಸ್ ಬಂದಾಗ ಒಂದು ನಟ್ಟೂ ಕಡಿಮೆ ಆಗಿರಲಿಲ್ಲವಂತೆ.

ಈಗ ನನಗೆ ತುಂಬಾ ಮುಖ್ಯ ಅನ್ನಿಸುವ ವಿಷಯಕ್ಕೆ ಬರುತ್ತೇನೆ. ನೈಜೀರಿಯಾದಲ್ಲಿ ಒಬ್ಬ ಮನುಷ್ಯ ಯಾವ ರಾಜ್ಯಕ್ಕೆ ‘ಸೇರಿದವನು’ ಅನ್ನುವುದಕ್ಕೆ 1999ರ ಸಂವಿಧಾನದಲ್ಲೇ ವಿವರಣೆ ಇದೆ. ಅವನ ತಂದೆತಾಯಿಯರಲ್ಲಿ ಒಬ್ಬರು, ಅಥವಾ ಅಜ್ಜ ಅಜ್ಜಿಯರಲ್ಲಿ ಒಬ್ಬರು, ಆ ರಾಜ್ಯದ ಮೂಲ ಸಮುದಾಯದವರಾಗಿರಬೇಕು. ಎಲ್ಲಿ ಹುಟ್ಟಿದೆ, ಎಷ್ಟು ವರ್ಷ ಇದ್ದೆ, ಎಷ್ಟು ತೆರಿಗೆ ಕಟ್ಟಿದೆ ಅನ್ನುವುದು ಲೆಕ್ಕಕ್ಕಿಲ್ಲ. ಸ್ಥಳೀಯ ಸರ್ಕಾರ ‘ಮೂಲನಿವಾಸಿ’ ಪ್ರಮಾಣಪತ್ರ ಕೊಡುತ್ತದೆ. ವಿಶ್ವವಿದ್ಯಾಲಯದ ಸೀಟು, ಸರ್ಕಾರಿ ಕೆಲಸ, ಸೈನ್ಯದ ಭರ್ತಿ, ಎಲ್ಲದಕ್ಕೂ ಅದು ಬೇಕು. ಪ್ರತಿ ರಾಜ್ಯದಿಂದ ಒಬ್ಬ ಮಂತ್ರಿ ಆಗಲೇಬೇಕು, ಅವನೂ ಆ ರಾಜ್ಯದ ಮೂಲದವನೇ ಆಗಿರಬೇಕು. ದೊಡ್ಡ ಜನಾಂಗಗಳೇ ಎಲ್ಲ ಬಾಚಿಕೊಳ್ಳದಿರಲಿ ಅಂತ ಒಳ್ಳೆಯ ಮನಸ್ಸಿನಿಂದ ತಂದ ನಿಯಮವೇ. ಆದರೆ ಲೇಗೋಸ್‌ನಂಥ ಊರಲ್ಲಿ ಅದು ಏನು ಮಾಡುತ್ತದೆ ನೋಡಿ. ಅಲ್ಲೇ ಹುಟ್ಟಿ, ಅಲ್ಲೇ ಓದಿ, ಯೊರುಬಾ ಮಾತಾಡುವ ಇಗ್ಬೊ ಹುಡುಗನಿಗೆ ಕಾನೂನೇ ಹೇಳುತ್ತದೆ, ನಿನ್ನ ಊರು ಇದಲ್ಲ ಅಂತ. ಮತ ಹಾಕು, ತೆರಿಗೆ ಕಟ್ಟು, ಆದರೆ ಇದು ನಿನ್ನದಲ್ಲ. ಹೀಗೆ ಹೇಳಿಸಿಕೊಂಡವನು ತನ್ನವರ ಜತೆ ಗುಂಪುಗೂಡದೆ ಇನ್ನೇನು ಮಾಡಿಯಾನು?

2013ರಲ್ಲಿ ಲೇಗೋಸ್ ಸರ್ಕಾರ ಬೀದಿಯಲ್ಲಿದ್ದ ಹತ್ತಾರು ನಿರ್ಗತಿಕರನ್ನು ವಾಹನಕ್ಕೆ ಹತ್ತಿಸಿ ಅನಾಂಬ್ರಾದ ಒನಿಚಾದಲ್ಲಿ ಇಳಿಸಿ ಬಂತು. ಇಗ್ಬೊಗಳಿಗೆ ಅದು ಎದೆಗೆ ಒದ್ದ ಹಾಗಾಯಿತು. ಆಗಿನ ಗವರ್ನರ್ ಫಷೋಲಾ ಕ್ಷಮೆ ಕೇಳಿದರು. ಆಗ ಅನಾಂಬ್ರಾದ ಗವರ್ನರ್ ಆಗಿದ್ದು ಅಧ್ಯಕ್ಷರಿಗೆ ದೂರು ಕೊಟ್ಟವರು ಯಾರು ಗೊತ್ತಾ? ಇದೇ ಪೀಟರ್ ಓಬಿ. 2015ರಲ್ಲಿ ಗವರ್ನರ್ ಚುನಾವಣೆಗೆ ಮುಂಚೆ ಲೇಗೋಸ್‌ನ ಸಾಂಪ್ರದಾಯಿಕ ದೊರೆ, ಓಬಾ ಅಕಿಯೊಲು, ಇಗ್ಬೊ ಮುಖಂಡರನ್ನು ಕರೆಸಿ ತಾನು ಹೇಳಿದವನಿಗೆ ಮತ ಹಾಕದಿದ್ದರೆ ಹಿನ್ನೀರಿನಲ್ಲಿ ನಾಶವಾಗುತ್ತೀರಿ ಎಂದದ್ದು ರೆಕಾರ್ಡ್ ಆಗಿ ದೇಶವೆಲ್ಲ ಕೇಳಿತು.

ಯೊರುಬಾಗಳ ನೋವು ಏನು? ಅದನ್ನು ನನಗೆ ಅರ್ಥ ಮಾಡಿಸಿದವರು ಮಾಮಾ. ಕೆಲವರು ಲೇಗೋಸ್ ‘ಯಾರದ್ದೂ ಅಲ್ಲದ ನೆಲ’ ಅನ್ನುತ್ತಾರೆ, ರಾಜಧಾನಿ ಆಗಿತ್ತಲ್ಲ, ಎಲ್ಲರ ದುಡ್ಡಲ್ಲಿ ಕಟ್ಟಿದ ಊರು ಅಂತ. ಮಾಮಾ ಒಂದು ಸಂಜೆ ಅಂಗಳದಲ್ಲಿ ಬೀನ್ಸ್ ಕಾಳು ಆರಿಸುತ್ತಾ ಕೂತಿದ್ದರು. ನಾನು ಆ ಮಾತು ಎತ್ತಿದೆ. ಕೈ ನಿಲ್ಲಿಸಿ ನನ್ನನ್ನೇ ನೋಡಿದರು. ‘ನನ್ನ ಮನೆಯಲ್ಲಿ ಎಂಟು ಸಂಸಾರ ಬಾಡಿಗೆಗೆ ಇವೆ. ಎಲ್ಲ ನನ್ನ ಮಕ್ಕಳೇ. ಆದರೆ ಒಂದು ದಿನ ಒಬ್ಬ ಎದ್ದು, ಈ ಮನೆ ಯಾರದ್ದೂ ಅಲ್ಲ ಅಂದರೆ? ನನ್ನ ಗಂಡನನ್ನು ಮಣ್ಣು ಮಾಡಿದ್ದು ಇಲ್ಲೇ.’ ಅಷ್ಟು ಹೇಳಿ ಮತ್ತೆ ಕಾಳು ಆರಿಸತೊಡಗಿದರು. ಅವರ ದನಿಯಲ್ಲಿ ದ್ವೇಷ ಇರಲಿಲ್ಲ, ಹೆದರಿಕೆ ಇತ್ತು. ಕಳೆದುಕೊಳ್ಳುವ ಹೆದರಿಕೆ.

ಈಗ ಆ ಮೂರು ವಾರ. ಫೆಬ್ರವರಿಯಲ್ಲಿ ಓಬಿಗೆ ಬಿದ್ದದ್ದು ಬರೀ ಇಗ್ಬೊ ಮತ ಅಲ್ಲ. 2020ರಲ್ಲಿ ಪೊಲೀಸ್ ದೌರ್ಜನ್ಯದ ವಿರುದ್ಧ ಎದ್ದ ಯುವಕರು, ಲೆಕ್ಕಿ ಟೋಲ್ ಗೇಟ್‌ನಲ್ಲಿ ಸೈನಿಕರ ಗುಂಡಿಗೆ ಎದುರಾದ ಪೀಳಿಗೆ, ಅದರಲ್ಲಿ ಯೊರುಬಾ ಹುಡುಗ ಹುಡುಗಿಯರು ಬೇಕಾದಷ್ಟು ಇದ್ದರು. ಮಾಮಾ ಅವರ ಮೊಮ್ಮಗಳೇ ಓಬಿಗೆ ಹಾಕಿದಳು. ಮನೆಯಲ್ಲಿ ದೊಡ್ಡ ಜಗಳವೇನೂ ಆಗಲಿಲ್ಲ. ಆದರೆ ಫಲಿತಾಂಶ ಬಂದ ಮರುದಿನದಿಂದ ಅದನ್ನು ಇಗ್ಬೊಗಳು ಲೇಗೋಸ್ ಕಿತ್ತುಕೊಳ್ಳಲು ಬಂದಿದ್ದಾರೆ ಅಂತ ಕೆಲವರು ಬಿಂಬಿಸಲು ಶುರು ಮಾಡಿದರು.

ಲೇಬರ್ ಪಾರ್ಟಿಯ ಗವರ್ನರ್ ಅಭ್ಯರ್ಥಿ ಗ್ಬಾಡೆಬೊ ರೋಡ್ಸ್-ವಿವೌರ್. ತಂದೆ ಲೇಗೋಸ್‌ನ ಹಳೆಯ ಯೊರುಬಾ ಮನೆತನದವರು. ಸಂವಿಧಾನದ ಯಾವ ಅಳತೆಗೋಲು ಹಿಡಿದರೂ ಅವರು ಲೇಗೋಸ್‌ನವರೇ. ತಾಯಿ ಇಗ್ಬೊ, ಹೆಂಡತಿ ಇಗ್ಬೊ. ಅಷ್ಟೇ ಸಾಕಾಯಿತು. ಅವರನ್ನು ‘ಚಿನೇಡು’ ಎಂಬ ಇಗ್ಬೊ ಹೆಸರಿನಿಂದ ಕರೆಯತೊಡಗಿದರು. ಯೊರುಬಾ ಸರಿಯಾಗಿ ಬರುತ್ತದಾ ಅಂತ ಕೇಳಿದರು. ಸಾರಿಗೆ ಸಂಘದ ನಾಯಕ ಎಂಸಿ ಒಲುವೊಮೊ, ನಮಗೆ ಮತ ಹಾಕದ ಇಗ್ಬೊಗಳು ಮನೆಯಲ್ಲೇ ಕೂತಿರಿ ಎಂದ ವಿಡಿಯೊ ಎಲ್ಲೆಡೆ ಹರಿದಾಡಿತು. ಆಮೇಲೆ ತಮಾಷೆ ಎಂದರು. ತಮಾಷೆ ಅಂತ ಯಾರಿಗೂ ಅನ್ನಿಸಿರಲಿಲ್ಲ. ಮಾರ್ಚ್ 18ರಂದು ಕೆಲವು ಮತಗಟ್ಟೆಗಳಲ್ಲಿ ಮುಖ ನೋಡಿ, ಹೆಸರು ಕೇಳಿ ಜನರನ್ನು ವಾಪಸ್ ಅಟ್ಟಿದರು. ‘ಇಗ್ಬೊ ಥರ ಕಾಣ್ತೀಯ’ ಅಂತ ಯೊರುಬಾಗಳನ್ನೂ ಅಟ್ಟಿದರು. ಯುರೋಪಿಯನ್ ಒಕ್ಕೂಟದ ವೀಕ್ಷಕರೂ ಈ ಬೆದರಿಕೆಯನ್ನು ದಾಖಲಿಸಿದರು.

ಓಗಾ ಅವತ್ತು ಮತ ಹಾಕಲು ಹೋಗಲಿಲ್ಲ. ‘ನನ್ನ ಅಂಗಡಿಗೆ ಬೆಂಕಿ ಹಚ್ಚಲು ಒಂದು ಬೆಂಕಿಕಡ್ಡಿ ಸಾಕು’ ಅಂದರು. ಲೆಕ್ಕ ಅಷ್ಟೇ. ಮೂರು ವಾರದಲ್ಲಿ ಯಾರ ಜನಾಂಗವೂ ಬದಲಾಗಿರಲಿಲ್ಲ. ಹೆದರಿಕೆ ಜಾಸ್ತಿ ಆಗಿತ್ತು. ಒಂದು ಕಡೆಯವರು ಹೆದರಿ ಮನೆಯಲ್ಲಿ ಕೂತರು. ಇನ್ನೊಂದು ಕಡೆಯಲ್ಲಿ ಫೆಬ್ರವರಿಯಲ್ಲಿ ಮನೆಯಲ್ಲೇ ಇದ್ದವರು, ಊರು ಕೈಬಿಡುತ್ತದೆ ಅಂತ ಹೆದರಿ ಎದ್ದು ಬಂದರು. ಇದರಲ್ಲಿ ನಾನು ಮತದಾರರನ್ನು ದೂರುವುದಿಲ್ಲ. ಆ ಹೆದರಿಕೆಯನ್ನು ಬೇಕಂತಲೇ ಬಿತ್ತಿದವರನ್ನು ದೂರುತ್ತೇನೆ. ಅವರ ಕೈಗೆ ಬೀಜ ಕೊಟ್ಟ ಆ ‘ಸೇರಿದವನು’ ಎಂಬ ಕಾನೂನನ್ನು ದೂರುತ್ತೇನೆ. ಮತ್ತೊಂದು ಸಂಗತಿ. ಆ ರಾಜ್ಯದಲ್ಲಿ ಹೆಸರು ನೋಂದಾಯಿಸಿದವರು 70 ಲಕ್ಷ. ಅಧ್ಯಕ್ಷ ಚುನಾವಣೆಯಲ್ಲೂ ಮತ ಹಾಕಿದವರು ಐದರಲ್ಲಿ ಒಂದು ಪಾಲಿಗಿಂತ ಕಡಿಮೆ. ಉಳಿದವರ ಮನಸ್ಸಲ್ಲಿ ಏನಿತ್ತು ಅಂತ ಯಾವ ಎಣಿಕೆಯೂ ಹೇಳುವುದಿಲ್ಲ.

ಮಾರ್ಚ್ 18ರ ಸಂಜೆಯೂ ನಾನು ಬಾಲ್ಕನಿಯಲ್ಲಿದ್ದೆ. ಎಣಿಕೆಯ ಕೂಗು ಬೇಗ ಮುಗಿಯಿತು. ಕೆಳಗೆ ಓಗಾ ಅವರ ಮಗ, ಹದಿನೇಳು ವರ್ಷದ ಹುಡುಗ, ವಿಶ್ವವಿದ್ಯಾಲಯದ ಪ್ರವೇಶದ ಅರ್ಜಿ ಹಿಡಿದು ಮಾಮಾ ಪಕ್ಕ ಮೆಟ್ಟಿಲ ಮೇಲೆ ಕೂತಿದ್ದ. ಅವನು ಹುಟ್ಟಿದ್ದು ಅದೇ ಬೀದಿಯ ಆಸ್ಪತ್ರೆಯಲ್ಲಿ. ಹೆರಿಗೆ ನೋವು ಬಂದಾಗ ಅವನ ತಾಯಿಯನ್ನು ಟ್ಯಾಕ್ಸಿಯಲ್ಲಿ ಕರೆದೊಯ್ದವರು ಮಾಮಾ. ಅವನು ಅವರ ಜತೆ ಯೊರುಬಾದಲ್ಲೇ ಮಾತಾಡುತ್ತಿದ್ದ. ಅರ್ಜಿಯಲ್ಲಿ ‘ಮೂಲ ರಾಜ್ಯ’ ಅಂತ ಒಂದು ಖಾನೆ ಇತ್ತು. ಅವನು ಪೆನ್ನು ಹಿಡಿದು ತಡೆದ. ಮಾಮಾ ಬಗ್ಗಿ ನೋಡಿದರು, ಕನ್ನಡಕ ಸರಿಮಾಡಿಕೊಂಡರು, ಏನೂ ಹೇಳಲಿಲ್ಲ. ಹುಡುಗ ‘ಅನಾಂಬ್ರಾ’ ಅಂತ ಬರೆದ. ವರ್ಷಕ್ಕೊಮ್ಮೆ ಡಿಸೆಂಬರಿನಲ್ಲಿ ಮಾತ್ರ ಅವನು ನೋಡುತ್ತಿದ್ದ ಊರಿರುವ ರಾಜ್ಯ ಅದು.